ಮೊಜಾಂಬಿಕ್ ಅಂಗಿಯ ಬೇಸಿಗೆ

ಆ ಬೇಸಿಗೆಗೆ ನಾನು ತೆತ್ತ ಬೆಲೆ ಒಬ್ಬ ಗೆಳೆಯ. ರೊಕ್ಕ ಹೋಗಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ. ಹೋದ ರೊಕ್ಕ ತಾನಾಗಿ ಬರದಿದ್ದರೂ ಬರುವಂತೆ ಮಾಡುವ ವಿದ್ಯೆ ನನಗೆ ಗೊತ್ತು. ಆದರೆ ಐವತ್ತರ ಹತ್ತಿರ ಬಂದ ಮೇಲೆ, ಈ ಪರದೇಶದಲ್ಲಿ, ಎದುರು ಕೂತು ಬೈದು ಬೈಸಿಕೊಂಡು ಚಹಾ ಕುಡಿಯುವ ಗೆಳೆಯ ಹೋದರೆ ಅಂಥ ಇನ್ನೊಬ್ಬನನ್ನು ಯಾವ ಅಂಗಡಿಯಿಂದ ತರುವುದು? ಯಾಕೆ ತೆತ್ತೆ ಅಂದರೆ, ಪೋರ್ಚುಗೀಸ್ ಮಾತಾಡುವ ದೇಶಗಳ ಮಂದಿ ಎಲ್ಲ ಕೂಡಿ ಆಡೋಣ ಅಂತ ಹೊರಟಿದ್ದರು, ಅದರ ನಡುವೆ ನಾನು ಮಾತುಕತೆಗೆ ನಿಂತೆ. ಅದು ನನ್ನ ಭಾಷೆಯಲ್ಲ, ಅವು ನನ್ನ ದೇಶಗಳಲ್ಲ, ಆಟ ಕೂಡ ನನ್ನದಲ್ಲ. ವ್ಯವಹಾರ ಮಾತ್ರ ನನ್ನದು. ವ್ಯವಹಾರ ಕುದುರಿತು ಕೂಡ. ಹೊಟ್ಟೆ ಉರಿಯುವುದು ಅದಕ್ಕೇ.

ಮೊನ್ನೆ ಇಲ್ಲಿ ಕೆನಡಾದ ವಾನ್ ಊರಿನ ಅದೇ ಅರೀನಾಕ್ಕೆ, ಆ ಬೇಸಿಗೆ ಆಟ ನಡೆದ ಕ್ರೀಡಾಂಗಣಕ್ಕೆ, ಹೋಗಬೇಕಾಯಿತು. ಚಳಿಗಾಲದ ಐಸ್-ಹಾಕಿ ಆಟ ಮುಗಿದ ಮೇಲೆ ಮಂದಿ ಅಲ್ಲಿ ಮರೆತು ಹೋದ ಬ್ಯಾಗು, ಹೆಲ್ಮೆಟ್ಟು, ಸ್ಕೇಟುಗಳನ್ನು ಸಗಟಾಗಿ ಎತ್ತಿಕೊಂಡು ಬರುವುದು ನನ್ನ ಧಂದೆಯ ಒಂದು ಭಾಗ. ಬಾಗಿಲು ತಳ್ಳಿದೆ, ಆ ವಾಸನೆ ಬಂತು. ಬೇಸಿಗೆಗೆ ಅಂತ ಮಂಜುಗಡ್ಡೆ ಕರಗಿಸಿ ತೆಗೆದಾಗ ಕೆಳಗಿನ ಕಾಂಕ್ರೀಟ್ ನೆಲ ಹೊರಬೀಳುತ್ತದಲ್ಲ, ಅದರ ಹಸಿ ವಾಸನೆ. ಜೊತೆಗೆ ರಬ್ಬರ್ ಮ್ಯಾಟು, ಹಳೇ ಬೆವರು, ಮಷೀನಿನ ಕಾಫಿ. ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ಬಾವಿಯ ತಳದಂಥ ತಂಪು. ಕೈಗಾಡಿ ಬಿಟ್ಟು ಬೆಂಚಿನ ಮೇಲೆ ಕೂತುಬಿಟ್ಟೆ. ನೆಲ ಖಾಲಿ ಇತ್ತು. ನನ್ನ ಕಿವಿಯಲ್ಲಿ ಮಾತ್ರ ನಾಲ್ಕು ಗಾಲಿಯ ಸ್ಕೇಟುಗಳು ಕಾಂಕ್ರೀಟಿನ ಮೇಲೆ ಗರಗರ ಉರುಳುತ್ತಿದ್ದವು.

ನಾನು ಲೋಂಡಾದವಳು. ತಂದೆ ರೈಲ್ವೆಯಲ್ಲಿದ್ದರು. ಕ್ವಾರ್ಟರ್ಸಿನ ಎಡಕ್ಕೂ ಬಲಕ್ಕೂ ಗೋವಾದ ಕ್ರಿಶ್ಚಿಯನ್ ಮನೆಗಳು, ಹಾಗಾಗಿ ಕನ್ನಡದ ಜೊತೆಗೇ ಕೊಂಕಣಿಯೂ ಬಾಯಿಗೆ ಬಂತು. ಮದುವೆಯಾಗಿ ಹೋದದ್ದು ಬೆಳಗಾವಿಗೆ. ಅದು ಸ್ಕೇಟಿಂಗ್ ಹುಚ್ಚಿನ ಊರು. ನನ್ನ ಮೈದುನನಿಗೂ ಆ ಹುಚ್ಚು ಹತ್ತಿತ್ತು. ಅವನ ಸ್ಕೇಟಿಗೆ ಬೇರಿಂಗ್ ಹಾಕಿ ಎಣ್ಣೆ ಬಿಡುವ ಕೆಲಸ ವೈನಿಯ, ಅಂದರೆ ಅತ್ತಿಗೆಯಾದ ನನ್ನ, ಪಾಲಿಗೆ ಬಿತ್ತು. ಅದು ಮುಂದೆ ಅನ್ನ ಕೊಡುತ್ತದೆ ಅಂತ ಯಾರಿಗೆ ಗೊತ್ತಿತ್ತು? ಕೆನಡಾಕ್ಕೆ ಬಂದ ವರ್ಷ ಮಗಳು ಪೂರ್ವಿಗೆ ಐಸ್ ಸ್ಕೇಟು ಕೊಳ್ಳಲು ಹೋಗಿ ಬೆಲೆ ಕೇಳಿ ಬರಿಗೈಯಲ್ಲಿ ವಾಪಸ್ ಬಂದೆ. ಬೆಳೆಯುವ ಹುಡುಗರ ಕಾಲು ವರ್ಷಕ್ಕೊಂದು ಸೈಜು, ಹಳೆಯದನ್ನು ಮಂದಿ ಗ್ಯಾರೇಜಿನಲ್ಲಿ ಬಿಸಾಕುತ್ತಾರೆ. ಧಂದೆ ಅಲ್ಲೇ ಕಂಡಿತು. ಬೇಸ್‌ಮೆಂಟಿನಿಂದ ಶುರು ಮಾಡಿದ್ದು, ಆ ಬೇಸಿಗೆಯ ಹೊತ್ತಿಗೆ ವಾನ್‌ನ ವೇರ್‌ಹೌಸುಗಳ ಸಾಲಿನಲ್ಲಿ ಒಂದು ಯುನಿಟ್ಟು ಹಿಡಿದಿದ್ದೆ. ಹಳೇ ಆಟದ ಸಾಮಾನು ಮಾರುತ್ತಿದ್ದೆ, ಅಂಗಿಗಳ ಮೇಲೆ ಹೆಸರು ನಂಬರು ಒತ್ತಿ ಕೊಡುತ್ತಿದ್ದೆ. ನಮ್ಮ ಮನೆಯವರು, ಮಹಾಂತೇಶ, ಶಿಫ್ಟ್ ಮುಗಿಸಿ ಬಂದು ಬಾಕ್ಸ್ ಹೊರುತ್ತ, "ಬಿ.ಕಾಂ. ಮಾಡಿ ಮಂದೀ ಬೂಟು ಮಾರೂ ಹೆಂಡ್ತಿ ಸಿಕ್ಕಳು ನೋಡ್ರಿ," ಅನ್ನುತ್ತಿದ್ದರು. ಮಾರ್ಟ್‌ಗೇಜಿನ ಕಂತು ಹೋದ ದಿನ ಮಾತ್ರ ಅನ್ನುತ್ತಿರಲಿಲ್ಲ.

ಒಂದು ಏಪ್ರಿಲ್‌ನಲ್ಲಿ, ಹೊರಗೆ ಕೊನೆಯ ಮಂಜು ಕೆಸರಾಗಿ ಬಿದ್ದಿದ್ದಾಗ, ಫೌಸ್ತಿನ್ ಬಂದ. ಅರವತ್ತು ದಾಟಿದ ಮನುಷ್ಯ, ಕಪ್ಪು ಕೋಲು ಮುಖ, ಒಂದು ಕಾಲು ತುಸು ಎಳೆಯುತ್ತಿದ್ದ. ಯಾರೂ ಕೊಳ್ಳದೆ ಮೂಲೆಯಲ್ಲಿ ಬಿದ್ದಿದ್ದ ನಾಲ್ಕು ಗಾಲಿಯ ಸ್ಕೇಟುಗಳ ಪೆಟ್ಟಿಗೆ ಕಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಗಾಲಿ ತಿರುವಿ ಕಿವಿಗೆ ಹಿಡಿದು ನೋಡಿದ. ಗಿರಾಕಿ ಹಾಗೆ ಸಾಮಾನನ್ನು ಕಿವಿಗೆ ಹಿಡಿದರೆ ನಾನು ರೇಟು ಏರಿಸುತ್ತೇನೆ. ಏರಿಸಿದೆ. ಆತ ಗೋಡೆ ಕಡೆ ತಿರುಗಿ ತನ್ನಷ್ಟಕ್ಕೇ ಕೊಂಕಣಿಯಲ್ಲಿ ಗೊಣಗಿದ: "ಈ ಹೆಣ್ಮಗಳು ಹಾಡಹಗಲೇ ಲೂಟಿ ಹೊಡೀತಾಳ."

ನಾನೂ ಕೊಂಕಣಿಯಲ್ಲೇ ಅಂದೆ: "ಹಗಲಾದ್ರ ನಿನಗ ಛಲೋ ಅಲ್ಲೇನು? ಸಾಮಾನು ಬೆಳಕಿನ್ಯಾಗ ನೋಡಿ ಒಯ್ಯಬಹುದು."

ಆತ ಕೈಯಲ್ಲಿದ್ದ ಸ್ಕೇಟು ಬಿಟ್ಟು ನಕ್ಕ ನಗೆಗೆ ಪಕ್ಕದ ಯುನಿಟ್ಟಿನವರು ಇಣುಕಿ ನೋಡಿದರು. "ಬಾಯ್, ನಿನ್ನ ಗೋವಾದ ಯಾವ ಊರಾಗ ಮರೆತು ಬಂದಾರ?" ಅಂದ, ತನ್ನ ಹೆಸರೂ ಹೇಳಿದ. ಬಾಯ್ ಅಂದರೆ ಅವರಲ್ಲಿ ಅಕ್ಕಾ, ಅವ್ವಾ ಅಂದ ಹಾಗೆ, ಗಂಡಸಿಗಾದರೆ ಬಾಬ. "ಗೋವಾ ಅಲ್ಲ ಫೌಸ್ತಿನ್‌ಬಾಬ, ಗೋವಾದ ಹಿತ್ತಲ ಬಾಗಿಲು, ಲೋಂಡಾ," ಅಂದೆ. ಕೊಂಕಣಿಯಲ್ಲಿ ಹಿರಿಯರಿಗೂ ನೀನು ಅಂದರೆ ನಡೆಯುತ್ತದೆ. ಇಲ್ಲಿಯೂ ಆತನನ್ನು ಏಕವಚನದಲ್ಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಮಾತನ್ನು ಮಾತ್ರ ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿದ್ದೇನೆ.

ಫೌಸ್ತಿನ್‌ನ ಹಿರಿಯರು ಗೋವಾದವರು, ಆತ ಹುಟ್ಟಿ ಬೆಳೆದದ್ದು ಆಫ್ರಿಕಾದ ಮೊಜಾಂಬಿಕ್‌ನಲ್ಲಿ. ಈಗ ಮನೆ ಹತ್ತಿರದ ನ್ಯೂಮಾರ್ಕೆಟ್ ಅನ್ನುವ ಊರಿನಲ್ಲಿ, ಬಸ್ಸು ರಿಪೇರಿ ಕೆಲಸ. "ಪೋರ್ಚುಗೀಸ್ ಸಾಲ್ಯಾಗ ಹೊಡಿಸ್ಕೊಂಡು ಕಲಿತದ್ದು, ರೋಂಗಾ ಓಣ್ಯಾಗ ಹೊಡೆದಾಡಿ ಕಲಿತದ್ದು. ಕೊಂಕಣಿ ಅವ್ವ ಪುಕ್ಕಟೆ ಕೊಟ್ಟಾಳ," ಅನ್ನುತ್ತಿದ್ದ. ರೋಂಗಾ ಅವರ ಊರಿನ ಕರಿಯ ಮಂದಿಯ ಮಾತು. ಆ ದೇಶದಲ್ಲಿ ಗಾಲಿ-ಹಾಕಿ, ಅಂದರೆ ಗಾಲಿಯ ಮೇಲೆ ಆಡುವ ಹಾಕಿ ಆಟ, ಪ್ರಾಣವಂತೆ. ನಾಲ್ಕು ಗಾಲಿಯ ಸ್ಕೇಟು, ಗಿಡ್ಡ ಬಾಗಿದ ಕೋಲು, ಕಲ್ಲಿನಂಥ ಸಣ್ಣ ಚೆಂಡು. ಪೋರ್ಚುಗೀಸರು ಹೋದಲ್ಲೆಲ್ಲ ಬಿಟ್ಟು ಬಂದ ಆಟ. ಹರೆಯದಲ್ಲಿ ಫೌಸ್ತಿನ್ ದೇಶದ ತಂಡಕ್ಕೆ ಆಯ್ಕೆಯಾಗಿದ್ದ. ಕೆಂಪು ಅಂಗಿ ಕೈಗೆ ಬಂದಿತ್ತು. ಮೊದಲ ಪಂದ್ಯಕ್ಕೆ ಮುಂಚೆ ಪ್ರಾಕ್ಟೀಸಿನಲ್ಲಿ ಮೊಣಕಾಲು ಹೋಯಿತು. ಆ ಅಂಗಿ ತೊಟ್ಟು ಒಂದು ಸಲವೂ ನೆಲಕ್ಕಿಳಿಯಲಿಲ್ಲ.

"ನಾ ಅಂತೂ ಇಳೀಲಿಲ್ಲ ಬಾಯ್. ನನ್ನ ಹುಡುಗರು ಒಮ್ಮೆರೆ ಇಳೀಲಿ. ಎದಿ ಮ್ಯಾಲೆ ಮೊಜಾಂಬಿಕ್ ಅಂತ ಇರ್ಲಿ. ಅಷ್ಟು ನೋಡಿ ಸಾಯ್ತೀನಿ."

ಹುಡುಗರು ಅಂದರೆ ಒಂದು ಸಂತೆ. ಬಹಳ ಮಂದಿ ಮೊಜಾಂಬಿಕ್ ಮೂಲದವರೇ. ತಮ್ಮ ದೇಶದ ತಂಡ ಕಟ್ಟುವಷ್ಟು ಜನವಿಲ್ಲದ ಅಂಗೋಲಾದವರು, ತಿಮೋರ್ ದ್ವೀಪದ ಒಬ್ಬ ಪೇಂಟರ್ ಕೂಡ ಇವರ ಜೊತೆ ಸೇರಿದ್ದರು. ಗೋಲಿ, ಅಂದರೆ ಗೋಲು ಕಾಯುವವಳು, ಮಾತ್ರ ಹುಡುಗಿ, ಫೌಸ್ತಿನ್‌ನ ತಮ್ಮನ ಮಗಳು ಝೆಲಿಯಾ. ಹುಟ್ಟಿದ್ದು ನ್ಯೂಮಾರ್ಕೆಟ್ಟಿನಲ್ಲಿ, ಬಾಯಿ ತೆರೆದರೆ ಇಂಗ್ಲಿಷು, ಮಂಡಿಯೂರಿ ಗೋಲಿನ ಮುಂದೆ ಕೂತರೆ ಗೋಡೆ. ಭಾನುವಾರ ಯಾವುದಾದರೂ ವೇರ್‌ಹೌಸಿನ ಪಾರ್ಕಿಂಗಿನಲ್ಲಿ ಆಡುತ್ತಿದ್ದರು, ಸೆಕ್ಯುರಿಟಿಯವನು ಬಂದು ಓಡಿಸುವ ತನಕ.

ಮೇ ತಿಂಗಳಲ್ಲಿ ಫೌಸ್ತಿನ್ ಒಬ್ಬ ಸೂಟುಧಾರಿಯನ್ನು ಅಂಗಡಿಗೆ ಕರೆದುಕೊಂಡು ಬಂದ. ಸೆನ್ಯೋರ್ ಅಮಾದೇವ್, ಪೋರ್ಚುಗಲ್‌ನವರ ಒಂದು ದೊಡ್ಡ ಕ್ಲಬ್ಬಿನ ಅಧ್ಯಕ್ಷ. ಕೈ ಕುಲುಕಿದರೆ ಇನ್ನೊಂದು ಕೈಯನ್ನೂ ಅದರ ಮೇಲಿಟ್ಟು ಒತ್ತುವ ಜಾತಿ. ಪೋರ್ಚುಗೀಸ್ ಮಾತಾಡುವ ಎಲ್ಲ ದೇಶಗಳ ಮಂದಿಯನ್ನು ಸೇರಿಸಿ ಬೇಸಿಗೆಯ ಕೊನೆಗೆ ಒಂದು ಗಾಲಿ-ಹಾಕಿ ಪಂದ್ಯಾವಳಿ ಮಾಡಬೇಕು. ಕೋಚು, ಸಾಮಾನು, ನೆಲ ಎಲ್ಲರಿಗೂ ಸಮಪಾಲು. ಮುಂದೆ ವರ್ಷವರ್ಷವೂ ಹಾಗೇ. "ಒಂದೇ ಭಾಷೆ, ಒಂದೇ ಮನೆ," ಅಂದರು. ಒಳ್ಳೇ ಮಾತು. ತೊಡಕು ಒಂದೇ: ನೆಲ ಇರಲಿಲ್ಲ. ಹಿಂದೆ ಅವರ ಕಡೆಯವರದು ಏನೋ ಗಲಾಟೆಯಾಗಿ ವಾನ್‌ನ ಅರೀನಾದವರು ಕ್ಲಬ್ಬಿಗೆ ಬಾಗಿಲು ಹಾಕಿದ್ದರು. ಅರೀನಾದ ಮ್ಯಾನೇಜರ್ ನನ್ನ ಹಳೇ ಗಿರಾಕಿ.

ನಾನು ಪುಕ್ಕಟೆ ಸಮಾಜಸೇವೆ ಮಾಡುವವಳಲ್ಲ. ಎಲ್ಲ ತಂಡಗಳ ಅಂಗಿ, ಬಾವುಟ ನನ್ನಲ್ಲೇ ಮಾಡಿಸಬೇಕು ಅಂತ ಮೊದಲೇ ಮಾತಾಡಿಕೊಂಡೆ. ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ ಅವನ ನೋವಿನ ಜಾಗ ಮುಟ್ಟಿದೆ. ಜುಲೈ, ಆಗಸ್ಟಿನ ಭಾನುವಾರ ಮಧ್ಯಾಹ್ನ ಅರ್ಧ ಊರು ರಜೆ ಕಳೆಯಲು ಕೆರೆದಂಡೆಯ ಕಾಟೇಜಿಗೆ ಹೋಗಿರುತ್ತದೆ, ನಿನ್ನ ನೆಲದ ಮೇಲೆ ನೊಣ ಹೊಡೆಯಲೂ ಮಂದಿ ಇರುವುದಿಲ್ಲ, ಹೌದೋ ಅಲ್ಲೋ? ಹೌದು ಅಂದ, ಆದರೆ ಆ ಕ್ಲಬ್ಬು ಬೇಡ ಅಂದ. ಕ್ಲಬ್ಬಿಗೆ ಯಾರು ಕೇಳಿದರು, ನಾನು ಕೇಳುತ್ತಿರುವುದು ಮೊಜಾಂಬಿಕ್, ಅಂಗೋಲಾ, ಬ್ರೆಜಿಲ್, ಕೇಪ್ ವರ್ಡ್, ತಿಮೋರ್ ಇವರಿಗೆ ಅಂದೆ. ಇಷ್ಟು ದೇಶಗಳ ಬಾವುಟ ನಿನ್ನ ಗೋಡೆ ಮೇಲೆ ಸಾಲಾಗಿ ಹಾರಿದರೆ ಕೌನ್ಸಿಲರುಗಳು ಫೋಟೋಕ್ಕೆ ತಾವಾಗಿ ಬರುತ್ತಾರೆ ಅಂದೆ. ಅವನ ಕಣ್ಣು ಅರಳಿತು. ಸಣ್ಣ ದೇಶಗಳ ಬಾವುಟ ತೋರಿಸಿ ದೊಡ್ಡವರಿಗೆ ನೆಲ ಕೊಡಿಸಿದೆ.

ಅವತ್ತೇ ಫೌಸ್ತಿನ್‌ಗೆ ಹೇಳಿದೆ. "ಬಾಬ, ನಿನ್ನ ತಂಡದ ಹೆಸರು, ಭಾನುವಾರದ ಪಾಳಿ, ಎಲ್ಲಾ ಅಮಾದೇವ್ ಕಡೆ ಬರೆಸ್ಕೊ. ಸಹಿ ಹಾಕಿಸ್ಕೊ."

"ಹುಚ್ಚಿ ಇದ್ದಿ ಏನು? ಅವರ ಮನ್ಯಾಗ ಕೂತು ಬ್ರೆಡ್ ಮುರಿದು ತಿಂದು ಬಂದೀನಿ. ಒಂದು ಮೇಜಿನ ಮ್ಯಾಲೆ ಉಂಡವರ ಕಡೆ ಸಹಿ ಕೇಳಿದ್ರ ನಮ್ಮವ್ವ ಗೋರಿಯಿಂದ ಎದ್ದು ಬಂದು ಚಪ್ಪಲಿ ತಗೊಂತಾಳ."

"ನಿಮ್ಮವ್ವ ಬಂದ್ರ ಅಕಿ ಕಡೆನೂ ಒಂದು ಸಹಿ ಹಾಕಿಸ್ಕೊ," ಅಂದೆ. ನಕ್ಕು ಹೋದ. ಅವರಲ್ಲಿ ಅದೇ ರೂಢಿ. ಕೂಡಿ ಉಂಡ ಮೇಲೆ ಮಾತು ಮುಗಿಯಿತು. ಕಾಗದ ಕೇಳುವುದು ಅಂದರೆ ಉಂಡ ಅನ್ನ ಕಕ್ಕಿದ ಹಾಗೆ.

ಜುಲೈ ಬಂತು. ಆ ವರ್ಷದ ಸೆಕೆ ಗಿಡದ ಎಲೆಯನ್ನೂ ಬಾಡಿಸಿತ್ತು. ಭಾನುವಾರ ಊಟವಾದ ಕೂಡಲೇ ನಾನು, ಪೂರ್ವಿ ಅರೀನಾಕ್ಕೆ ಹೋಗುತ್ತಿದ್ದೆವು. ಮೊದಮೊದಲು ತಂಪಿಗೆ, ಆಮೇಲೆ ಆಟಕ್ಕೆ. ಬೇರಿಂಗಿನ ಕೆಲಸ ನನ್ನದೇ. ಫೌಸ್ತಿನ್ ನೆಲದ ಸುತ್ತಲಿನ ಬೋರ್ಡಿನ ಆಚೆ ನಿಂತು ಮೂರು ಭಾಷೆಯಲ್ಲಿ ಕೂಗುತ್ತಿದ್ದ: ಓಡು ಅನ್ನುವುದಕ್ಕೆ ಪೋರ್ಚುಗೀಸು, ಬೈಯುವುದಕ್ಕೆ ರೋಂಗಾ, ನನ್ನ ಕಡೆ ತಿರುಗಿ ತಲೆ ಚಚ್ಚಿಕೊಳ್ಳುವುದಕ್ಕೆ ಕೊಂಕಣಿ. ಆಟ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ತೆರೆದು ಊಟ. ಅವರ ಖಾರ ಹಚ್ಚಿ ಸುಟ್ಟ ಕೋಳಿ ಅವರಿಗೆ, ನನ್ನ ಚಪಾತಿ ಶೇಂಗಾ ಚಟ್ನಿ ಎಲ್ಲರಿಗೆ. ತಿಮೋರಿನ ಪೇಂಟರ್ ಚಟ್ನಿಪುಡಿ ಬರೀ ಕೈಯಲ್ಲಿ ಮುಕ್ಕುತ್ತಿದ್ದ. ಅಷ್ಟು ಸುಖ ಈ ದೇಶದಲ್ಲಿ ನಾನು ಮತ್ತೆ ಕಂಡಿಲ್ಲ, ಖರೇ ಹೇಳುತ್ತೇನೆ.

ತಿಂಗಳ ಕೊನೆಗೆ ಅಮಾದೇವ್ ಕ್ಲಬ್ಬಿನ ತಂಡದ ಜೊತೆ ಒಂದು ಪ್ರಾಕ್ಟೀಸ್ ಪಂದ್ಯವಾಯಿತು. ಅವರದು ಹೊಳೆಯುವ ಹೊಸ ಸ್ಕೇಟು, ನಮ್ಮವರದು ನನ್ನ ಪೆಟ್ಟಿಗೆಯ ಮಾಲು. ನಮ್ಮವರು ಗೆದ್ದರು. ಬರೀ ಗೆಲ್ಲಲಿಲ್ಲ, ಝೆಲಿಯಾ ಒಂದು ಚೆಂಡೂ ಒಳಗೆ ಬಿಡಲಿಲ್ಲ. ಕೊನೆಗೆ ಅವರ ಕ್ಯಾಪ್ಟನ್ ಕೋಲು ನೆಲಕ್ಕೆ ಬಡಿದ. ಅಮಾದೇವ್ ಬಂದು ಫೌಸ್ತಿನ್‌ನ ಕೈ ಕುಲುಕಿದರು. ಆವತ್ತು ಎರಡನೇ ಕೈ ಮೇಲೆ ಬರಲಿಲ್ಲ. ನಾನು ನೋಡಿದೆ. ಕೈ ನೋಡುವುದೇ ನನ್ನ ಹೊಟ್ಟೆಪಾಡು.

ಆಗಸ್ಟಿನಲ್ಲಿ ಅಮಾದೇವ್ ಕಡೆಯಿಂದ ಹೊಸ ಮಾತು ಬಂತು. ಇದು ಪೋರ್ಚುಗೀಸ್ ಮಾತಾಡುವ ದೇಶಗಳ ಕೂಟ. ಆಡುವವರಿಗೆ ಭಾಷೆ ಬರಬೇಕಲ್ಲವೇ? ದೊಡ್ಡ ಪರೀಕ್ಷೆ ಏನಲ್ಲ, ಕಾಫಿ ಕುಡಿಯುತ್ತ ನಾಲ್ಕು ಮಾತು. ಕ್ಲಬ್ಬಿನ ಹುಡುಗರಿಗೆ ಚಿಂತೆಯಿಲ್ಲ, ಅವರೆಲ್ಲ ಶನಿವಾರ ಕ್ಲಬ್ಬಿನ ಶಾಲೆಯಲ್ಲಿ ಭಾಷೆ ಕಲಿಯುವವರು. ಫೌಸ್ತಿನ್ ಮುಖ ಕಪ್ಪಿಟ್ಟಿತು, ಆದರೂ "ಹೋಗೂಣು, ಉಂಡ ಮನಿ," ಅಂದ.

ಅರೀನಾದ ಮೇಲಿನ ಕೋಣೆ. ನಾನು, ಪೂರ್ವಿ ಗೋಡೆಗೆ ಒರಗಿ ನಿಂತಿದ್ದೆವು. ಮೇಜಿನ ಮೇಲೆ ಸಿಹಿ ಪೇಸ್ಟ್ರಿ. ಅದರ ಹಿಂದೆ ದೋನ ಗ್ರಾಸಾ, ಕ್ಲಬ್ಬಿನ ಶಾಲೆ ನಡೆಸುವ ನಿವೃತ್ತ ಮೇಡಂ, ಹೆಗಲಿಗೆ ಸ್ವೆಟರು. ಪಕ್ಕದಲ್ಲಿ ಅಮಾದೇವ್. ಅಂಗೋಲಾದವರು ಹೊಸದಾಗಿ ಬಂದವರು, ಗಳಗಳ ಮಾತಾಡಿದರು. ಚಿಕ್ಕಂದಿನಲ್ಲೇ ಬಂದ ಮೊಜಾಂಬಿಕ್‌ನ ಅಣ್ಣತಮ್ಮಂದಿರು ಹೆಸರು ಹೇಳಿ, ಊರು ಹೇಳಿ, ಅಲ್ಲಿಗೆ ನಿಂತರು. ತಿಮೋರಿನ ಪೇಂಟರ್‌ಗೆ ಗೊತ್ತಿದ್ದ ಪೋರ್ಚುಗೀಸ್ ಚರ್ಚಿನ ಪ್ರಾರ್ಥನೆ ಮಾತ್ರ. ಎದ್ದು ನಿಂತು ಅದನ್ನೇ ಪೂರ್ತಿ ಹೇಳಿದ. ದೋನ ಗ್ರಾಸಾ ಭಕ್ತಿಯಿಂದ ಶಿಲುಬೆಯ ಗುರುತು ಹಾಕಿಕೊಂಡರು, ಆಮೇಲೆ ಇಲ್ಲ ಅಂತ ತಲೆಯಾಡಿಸಿದರು.

ಝೆಲಿಯಾ ಕೂತಳು. ಥ್ಯಾಂಕ್ಸ್ ಅನ್ನುವುದೊಂದನ್ನು ಅವರ ಮಾತಿನಲ್ಲಿ ಹೇಳಿ, ಇಂಗ್ಲಿಷಿಗೆ ಇಳಿದಳು. "ಸಾರಿ ಮ್ಯಾಮ್, ನಾನು ಗೋಲು ಬಿಟ್ಟಾಗ ಅಂಕಲ್ ಏನು ಕೂಗುತ್ತಾರೋ ಅಷ್ಟೇ ನನಗೆ ಗೊತ್ತು."

"ಹಾಗಾದರೆ ಅದನ್ನೇ ಹೇಳು ಮಗು."

"ನಿಮ್ಮ ಮುಂದೆ ಹೇಳುವಂಥದ್ದಲ್ಲ ಮ್ಯಾಮ್."

ಎಲ್ಲರೂ ನಕ್ಕರು, ದೋನ ಗ್ರಾಸಾ ಕೂಡ. ನಗುತ್ತಲೇ 'ಆಗುವುದಿಲ್ಲ' ಅಂದರು. ಗೋಲಿ ಹೋದ ಮೇಲೆ ತಂಡವೆಲ್ಲಿ? ಉಳಿದವರಲ್ಲಿ ಆಡಲು ಬೇಕಾದಷ್ಟು ಮಂದಿಯೇ ಇರಲಿಲ್ಲ.

ಫೌಸ್ತಿನ್ ಕಿಟಕಿಗೆ ಮುಖ ಮಾಡಿ ನಿಂತಿದ್ದ. ಮುಳುಗುವ ವ್ಯವಹಾರವನ್ನು ಕಣ್ಣಮುಂದೆ ಮುಳುಗಗೊಡುವುದು ನನ್ನ ಜಾಯಮಾನವಲ್ಲ. ಅಮಾದೇವ್‌ರನ್ನು ಕಾಫಿ ಮಷೀನಿನ ಹತ್ತಿರ ಕರೆದೊಯ್ದೆ. ಈ ನೆಲ ಬಂದದ್ದು ಯಾರ ಬಾವುಟದಿಂದ, ಅದನ್ನು ಮ್ಯಾನೇಜರ್‌ಗೆ ನಾನು ಇನ್ನೊಮ್ಮೆ ನೆನಪಿಸಲೇ ಅಂತ ಕೇಳಿದೆ. ಜಗ್ಗಾಡಿದೆ. ಅವರು ಬೆವರಿದರು. ಕೊನೆಗೆ ಒಪ್ಪಿದರು: ಎಲ್ಲರೂ ಆಡಲಿ, ಝೆಲಿಯಾ ಕೂಡ. ಮುಂದಿನ ಭಾನುವಾರಗಳ ಪಾಳಿಯೂ ಇರಲಿ. ಆದರೆ ತಂಡಕ್ಕೆ ಮೊಜಾಂಬಿಕ್ ಅನ್ನುವ ಹೆಸರು ಬೇಡ. 'ಸ್ನೇಹಿತರು' ಅಂತಿರಲಿ, ಬಿಳಿ ಅಂಗಿ.

ಆಟ ಉಳಿಯಿತು, ಹುಡುಗರು ಉಳಿದರು, ನೆಲ ಉಳಿಯಿತು. ಹೋದದ್ದು ಅಂಗಿಯ ಬಣ್ಣ. ಇದಕ್ಕಿಂತ ಛಲೋ ರೇಟು ಆ ಹೊತ್ತಿನಲ್ಲಿ ಯಾರಪ್ಪನಿಗೂ ಸಿಗುತ್ತಿರಲಿಲ್ಲ. ಓಡಿಹೋಗಿ ಫೌಸ್ತಿನ್‌ಗೆ ಹೇಳಿದೆ. ಆತ ಕಿಟಕಿಯಿಂದ ತಿರುಗಿದ.

"ಯಾರನ್ನ ಕೇಳಿ ಒಪ್ಪಿದಿ?"

"ಕೇಳಾಕ ಹೊತ್ತೆಲ್ಲಿತ್ತು ಬಾಬ? ಇನ್ನೊಂದು ನಿಮಿಷ ಬಿಟ್ಟಿದ್ರ ಇದೂ ಇರತಿರಲಿಲ್ಲ."

"ನನ್ನ ಕಡೆ ಇದ್ದದ್ದು ಅದೊಂದ ಬಾಯ್. ಅದನ್ನ ಕೊಟ್ಟು ಉಳಿದದ್ದೆಲ್ಲಾ ತಂದಿ."

ಅಷ್ಟರಲ್ಲಿ ದೋನ ಗ್ರಾಸಾ ಕರೆದರು. ಕೋಚ್ ಕೂಡ ಎರಡು ಮಾತಾಡಬೇಕು, ಬರೀ ಶಾಸ್ತ್ರಕ್ಕೆ. ಆ ಕೋಣೆಯಲ್ಲಿದ್ದವರಲ್ಲಿ ಪೋರ್ಚುಗೀಸನ್ನು ಫೌಸ್ತಿನ್‌ನಷ್ಟು ಚಂದ ಮಾತಾಡುವವರು ಇನ್ನೊಬ್ಬರಿರಲಿಲ್ಲ. ಅದನ್ನು ಆ ಮೇಡಮ್ಮೇ ಎಷ್ಟೋ ಸಲ ಹೊಗಳಿದ್ದರು. ಆತ ಕುರ್ಚಿಯಲ್ಲಿ ನೆಟ್ಟಗೆ ಕೂತ. ನಿಮ್ಮ ಹೆಸರೇನು ಅಂದರು. ರೋಂಗಾದಲ್ಲಿ ಹೇಳಿದ. ಊರು ಯಾವುದು? ರೋಂಗಾದಲ್ಲಿ. ದೋನ ಗ್ರಾಸಾರ ನಗು ಅರ್ಧಕ್ಕೆ ನಿಂತಿತು. "ಸೆನ್ಯೋರ್ ಫೌಸ್ತಿನೊ, ದಯವಿಟ್ಟು," ಅಂದರು. ಆತ ಮೆಲ್ಲಗೆ, ಗೌರವದಿಂದ, ಬಹಳ ಹೊತ್ತು ಏನೇನೋ ಹೇಳಿದ, ಎಲ್ಲ ರೋಂಗಾದಲ್ಲಿ. ನನಗೆ ಒಂದಕ್ಷರ ತಿಳಿಯಲಿಲ್ಲ. ಬೈಗುಳ ಅಲ್ಲ ಅನ್ನುವುದಷ್ಟು ಗೊತ್ತಾಯಿತು. ಬೈಯುವ ದನಿ ನಾನು ಇಡೀ ಜುಲೈ ಕೇಳಿದ್ದೆ. ಆಮೇಲೆ ಎದ್ದ, ಕುರ್ಚಿಯನ್ನು ಮೇಜಿನ ಒಳಕ್ಕೆ ಸರಿಸಿದ, ನಡೆದ. ಪಾಸಾದವರೂ ಫೇಲಾದವರೂ ಹಿಂದೆ ಹೋದರು. ಪೇಸ್ಟ್ರಿ ಹಾಗೇ ಉಳಿಯಿತು.

ಮನೆಗೆ ಬರುತ್ತ ಕಾರಿನಲ್ಲಿ ಪೂರ್ವಿ ಕೇಳಿದಳು, ಇಂಗ್ಲಿಷಿನಲ್ಲೇ: "ಅಮ್ಮಾ, ನಿಮ್ಮ ಕನ್ನಡ ಸಂಘದಲ್ಲಿ ಹೀಗೆ ಮಾಡಿದರೆ ನಾನೂ ಔಟಾ?" ಸಿಗ್ನಲ್ ಹಸಿರಾಯಿತು, ಗಾಡಿ ಮುಂದೆ ಬಿಟ್ಟೆ. ಮಹಾಂತೇಶ ಕಥೆ ಕೇಳಿ ಬಿದ್ದು ಬಿದ್ದು ನಕ್ಕರು, ಎಂಥ ಮೂರ್ಖ ಮಂದಿ ಅಂದರು. ಮುಂದೆ ಅದೇ ಅಕ್ಟೋಬರಿನಲ್ಲಿ ಸಂಘದ ಕಮಿಟಿಯಲ್ಲಿ, ಎರಡು ವಾಕ್ಯ ಕನ್ನಡ ಬರದ ಹುಡುಗರನ್ನು ರಾಜ್ಯೋತ್ಸವದ ಸ್ಟೇಜ್ ಹತ್ತಿಸಬಾರದು ಅಂತ ಕೈ ಎತ್ತಿದವರಲ್ಲಿ ಇವರೇ ಮೊದಲಿಗರು. ಅಲ್ರೀ, ಬ್ಯಾಸಗ್ಯಾಗ ನಕ್ಕಿದ್ರಲ್ಲ ಅಂದರೆ, "ಅದು ಬ್ಯಾರೆ, ಇದು ಬ್ಯಾರೆ. ಅವರು ರಾಜಕೀಯ ಮಾಡಿದ್ರು, ನಾವು ಭಾಷಾ ಉಳಸಾಕತ್ತೀವಿ," ಅಂದರು. ಪೂರ್ವಿ ಅಲ್ಲಿಂದ ಸಂಘದ ಕಡೆ ಹಾಯಲಿಲ್ಲ.

ಪಂದ್ಯಾವಳಿ ಸೆಪ್ಟೆಂಬರಿನ ಮೊದಲಲ್ಲಿ ಆಯಿತು. ಮೊಜಾಂಬಿಕ್‌ನ ಕೆಂಪು ಅಂಗಿಯೂ ಸೇರಿ ಎಲ್ಲ ಅಂಗಿಗಳನ್ನು ನಾನು ಜುಲೈಯಲ್ಲೇ ಒತ್ತಿ ಕ್ಲಬ್ಬಿಗೆ ಕೊಟ್ಟಿದ್ದೆ. ಗೋಡೆ ತುಂಬ ಬಾವುಟ, ಕೌನ್ಸಿಲರುಗಳು, ಫೋಟೋ. ನಾನು ಹೋದೆ; ಮಾಲು ಕೊಟ್ಟವಳು ಹೋಗದಿದ್ದರೆ ಹೇಗೆ? ಎರಡನೇ ಪಂದ್ಯಕ್ಕೆ ಕೂಗಿದರು, ಮೊಜಾಂಬಿಕ್! ಕೆಂಪು ಅಂಗಿ ತೊಟ್ಟ ಹುಡುಗರು ನೆಲಕ್ಕಿಳಿದರು. ನೋಡಿದರೆ ಅಮಾದೇವ್ ಕ್ಲಬ್ಬಿನ ಕಿರಿಯ ತಂಡ. ಹೊಳೆಯುವ ಸ್ಕೇಟು, ಶನಿವಾರದ ಶಾಲೆಯ ಶುದ್ಧ ಪೋರ್ಚುಗೀಸು. ಅಮಾದೇವ್‌ರ ತೋಳು ಹಿಡಿದು ಕೇಳಿದೆ, ಇದೇನು ಅಂತ.

"ಸೆನ್ಯೋರಾ, ಬಾವುಟ ಇದ್ದ ಮೇಲೆ ತಂಡ ಇರಬೇಕಲ್ಲ. ಇಷ್ಟು ದೇಶ ಬರುತ್ತವೆ ಅಂತ ಅರೀನಾದವರಿಗೆ ಮಾತು ಕೊಟ್ಟವರು ನೀವೇ."

ನನ್ನದೇ ಮಾತನ್ನು ನನಗೇ ಮಾರಿದ ಮನುಷ್ಯ ಅವರೊಬ್ಬರೇ.

ಆಗ ಕಂಡಿತು, ಮೇಲಿನ ಸಾಲಿನಲ್ಲಿ ಫೌಸ್ತಿನ್. ಪಕ್ಕಕ್ಕೆ ಝೆಲಿಯಾ, ಪೇಂಟರು, ಅಣ್ಣತಮ್ಮಂದಿರು, ಎಲ್ಲ ಚರ್ಚಿಗೆ ಹೋಗುವ ಬಟ್ಟೆಯಲ್ಲಿ. ಕೆಂಪು ಅಂಗಿ ಗೋಲು ಹೊಡೆದಾಗ ಫೌಸ್ತಿನ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಝೆಲಿಯಾ ಅವನ ಕೋಟಿನ ತುದಿ ಹಿಡಿದು ಕೂರಿಸಲು ನೋಡಿದಳು, ಕೂರಲಿಲ್ಲ. ಆ ಹುಡುಗರನ್ನು ನೋಡುತ್ತಿರಲಿಲ್ಲ ಆತ, ಅಂಗಿಯನ್ನು ನೋಡುತ್ತಿದ್ದ. ಪಂದ್ಯ ಮುಗಿಯುವ ತನಕ ನಿಂತೇ ಇದ್ದ, ಆ ಕೆಟ್ಟ ಕಾಲಿನ ಮೇಲೆ.

ಎರಡು ಚಹಾ ತೆಗೆದುಕೊಂಡು ಮೆಟ್ಟಿಲು ಹತ್ತಿದೆ. "ಬಾಬ, ನನಗ ಗೊತ್ತಿರಲಿಲ್ಲ. ದೇವರಾಣೆ," ಅಂದೆ ಕೊಂಕಣಿಯಲ್ಲಿ.

ಆತ ಚಹಾ ತೆಗೆದುಕೊಂಡ. "ಥ್ಯಾಂಕ್ ಯೂ, ಮಿಸೆಸ್ ಶೈಲಾ," ಅಂದ. "ವೆರಿ ವೆಲ್ ಆರ್ಗನೈಸ್ಡ್."

ಕೊಂಕಣಿ ಶುರುವಾದ ಮೇಲೆ ನಮ್ಮಿಬ್ಬರ ನಡುವೆ ಬಂದ ಮೊದಲ ಇಂಗ್ಲಿಷು ಅದು. ಬೈದಿದ್ದರೆ ಬೈಗುಳಕ್ಕೆ ಉತ್ತರ ಕೊಡುತ್ತಿದ್ದೆ. ನನ್ನ ಚಹಾ ಹಿಡಿದು ಮೆಟ್ಟಿಲು ಇಳಿದೆ.

ಮರುವರ್ಷ ಭಾನುವಾರದ ಪಾಳಿಯನ್ನು ಕ್ಲಬ್ಬಿನವರು ನೇರವಾಗಿ ಮ್ಯಾನೇಜರ್ ಹತ್ತಿರವೇ ಮಾತಾಡಿಕೊಂಡರು. ನಾನು ಬೇಕಾಗಲಿಲ್ಲ, ಬಾವುಟಗಳೂ ಬೇಕಾಗಲಿಲ್ಲ. ಫೌಸ್ತಿನ್‌ನ ತಂಡ ಮತ್ತೆ ಕೂಡಲಿಲ್ಲ. ಝೆಲಿಯಾ ಓದಲು ದೂರ ಹೋದಳು, ಪೇಂಟರ್ ಊರು ಬಿಟ್ಟ. ಕಳೆದ ವರ್ಷ ನ್ಯೂಮಾರ್ಕೆಟ್ಟಿನ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಫೌಸ್ತಿನ್ ಸಿಕ್ಕ. ಕೈಯಲ್ಲಿ ಕೋಲು, ಈ ಸಲ ಊರುವ ಕೋಲು. ನಾನು ಕೊಂಕಣಿಯಲ್ಲಿ ಕಾಲು ಹೇಗಿದೆ ಕೇಳಿದೆ, ಮನೆಗೆ ಬಾ ಅಂದೆ, ಬೈಯಾದರೂ ಬೈ ಮಾರಾಯಾ ಅಂದೆ. ಆತ ಪ್ರತಿಯೊಂದಕ್ಕೂ ತಲೆದೂಗಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಮನೆಯಲ್ಲಿ ಮಗಳು ಮಾಡುವುದೂ ಅದನ್ನೇ: ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಮಗಳಿಗೆ ಬರುವುದಿಲ್ಲ, ಈತ ಕೊಡುವುದಿಲ್ಲ.

ನಾನು ಆವತ್ತು ತಂದ ರೇಟು ಕೆಟ್ಟದು ಅಂತ ಇವತ್ತಿಗೂ ಒಪ್ಪುವುದಿಲ್ಲ. ಬಿಳಿ ಅಂಗಿ ತೊಟ್ಟು ಆಡಿದ್ದರೆ ಆ ಹುಡುಗರು ಇಂದಿಗೂ ಆಡುತ್ತಿದ್ದರು. ಆದರೆ ಅದನ್ನು ನಾನು ಯಾರಿಗೆ ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ?

ಇನ್ನು ನಿಮಗೆ. ಯಾರದ್ದಾದರೂ ಪರವಾಗಿ ಚೌಕಾಸಿಗೆ ನಿಲ್ಲುವವರಾಗಿದ್ದರೆ, ಎದುರಿನವನ ಹತ್ತಿರ ಹೋಗುವ ಮುಂಚೆ ನಿಮ್ಮವನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿ: ಏನು ಹೋದರೂ ನಡೆದೀತು, ಏನು ಹೋದರೆ ಎದ್ದು ನಡೀತೀಯಾ? ಅವನು ನಗಬಹುದು, ನಿನ್ನ ಮೇಲೆ ನಂಬಿಕೆ ಇದೆ ಅನ್ನಬಹುದು. ಬಿಡಬೇಡಿ, ಬಾಯಿ ಬಿಡಿಸಿ ಕೇಳಿಯೇ ಹೋಗಿ. ಕೂಡಿ ಉಂಡವರ ಹತ್ತಿರ ಸಹಿ ಕೇಳಲು ನಾಚಬೇಡಿ. ಉಂಡದ್ದು ಬೆಳಗಾಗುವಷ್ಟರಲ್ಲಿ ಅರಗಿರುತ್ತದೆ. ಇನ್ನು, ನಮ್ಮ ಭಾಷೆ ಒಂದೇ, ನಾವೆಲ್ಲ ಒಂದೇ ಮನೆಯವರು ಅಂತ ಯಾರಾದರೂ ಎರಡೂ ಕೈಯಿಂದ ಕರೆದರೆ, ಹೋಗಬೇಡಿ ಅನ್ನುವುದಿಲ್ಲ. ಹೋಗಿ. ಆದರೆ ನೀವು ಸೋಲುತ್ತಿರುವ ತನಕ ಎಲ್ಲರೂ ಬಂಧುಗಳೇ. ಮೊದಲು ಅವರನ್ನು ಒಂದು ಪಂದ್ಯದಲ್ಲಿ ಸೋಲಿಸಿ ನೋಡಿ. ಮರುದಿನವೂ ಅದೇ ಮೇಜಿಗೆ ಕರೆದು ಕೂರಿಸಿಕೊಂಡರೆ, ಆಮೇಲೆ ಅಂಗಿಗೆ ಆರ್ಡರ್ ಕೊಡಿ.